ಪೆಲೆಟ್ ಒಲೆ ಮಂಕಾಗಿ ಉರಿದರೆ: ಗುಂಡಿ ಒತ್ತುವ ಮೊದಲು ಗಾಳಿಯ ದಾರಿ ನೋಡಿ

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮ್ಯಾಸಚೂಸೆಟ್ಸ್ ರಾಜ್ಯಗಳ ಒಳನಾಡಿನಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರಿಗೆ ಕೆಲವೊಮ್ಮೆ ಮನೆಯ ಜೊತೆ ಚಳಿಗಾಲದಲ್ಲಿ ಕೋಣೆ ಬೆಚ್ಚಗಿಡುವ ಒಂದು ಪೆಲೆಟ್ ಒಲೆಯೂ ಬಳುವಳಿಯಾಗಿ ಬರುತ್ತದೆ. ಕೈಪಿಡಿ ಕಳೆದುಹೋಗಿರುತ್ತದೆ. ಹಿಂದಿನ ಮಾಲೀಕರು ‘ಚೆನ್ನಾಗಿ ಉರಿಯುತ್ತದೆ’ ಎಂದಷ್ಟೇ ಹೇಳಿ ಹೋಗಿರುತ್ತಾರೆ. ನವೆಂಬರ್‌ನಲ್ಲಿ ಆ ಮಾತು ನಿಜವೂ ಆಗಿರುತ್ತದೆ. ಜನವರಿಯ ಹೊತ್ತಿಗೆ ಉರಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಗಾಜು ಕಪ್ಪಾಗಿ, ಬೂದಿಯ ತಟ್ಟೆ ಎರಡೇ ದಿನಕ್ಕೆ ತುಂಬತೊಡಗುತ್ತದೆ. ಆಗ ಕೈ ಮೊದಲು ಹೋಗುವುದು ಫಲಕದ ಮೇಲಿನ ಗುಂಡಿಗಳ ಕಡೆಗೆ.

ದಯವಿಟ್ಟು ಆ ಗುಂಡಿಗಳನ್ನು ಸದ್ಯಕ್ಕೆ ಮುಟ್ಟಬೇಡಿ. ನವೆಂಬರ್‌ನಲ್ಲಿ ಸೊಗಸಾಗಿ ಉರಿಸಿದ ಹೊಂದಾಣಿಕೆಯೇ ಈಗಲೂ ಇದೆ ಎಂದರೆ ಕೆಟ್ಟಿರುವುದು ಹೊಂದಾಣಿಕೆಯಲ್ಲ. ನಡುವೆ ಒಲೆಯ ಹೊಟ್ಟೆಯಲ್ಲಿ ಬೂದಿ ಸೇರಿಕೊಂಡಿದೆ, ಇಲ್ಲವೇ ಪೆಲೆಟ್ ಚೀಲ ಬದಲಾಗಿದೆ. ಮಂಕು ಉರಿ ಎಂದರೆ ಬಹುಪಾಲು ಗಾಳಿಯ ಕೊರತೆ. ಗಾಳಿ ಒಳಬರುವ ತೂತಿನಿಂದ ಹೊಗೆ ಹೊರಬೀಳುವ ಕೊಳವೆಯ ತುದಿಯವರೆಗೆ ಎಲ್ಲೋ ಒಂದು ಕಡೆ ದಾರಿ ಕಟ್ಟಿಕೊಂಡಿರುತ್ತದೆ. ಅದನ್ನು ಸಿಕ್ಕಸಿಕ್ಕ ಹಾಗೆ ಹುಡುಕದೆ ಕ್ರಮವಾಗಿ ಹುಡುಕಬೇಕು.

ಒಳಗೆ ನಡೆಯುವುದೇನು

ಮರದ ಹೊಟ್ಟನ್ನು ಒತ್ತಿ ತಯಾರಿಸಿದ, ಸುಮಾರು 6 ಮಿಲಿಮೀಟರ್ ದಪ್ಪದ ಸಣ್ಣ ತುಂಡುಗಳೇ ಪೆಲೆಟ್. ಮೇಲಿನ ಹಾಪರ್ ಎಂಬ ಡಬ್ಬಿಗೆ ಅವುಗಳನ್ನು ಸುರಿಯುತ್ತೇವೆ. ಆಗರ್ ಎಂಬ ತಿರುಪು ಅವುಗಳನ್ನು ಸ್ವಲ್ಪ ಸ್ವಲ್ಪವಾಗಿ ತಳ್ಳಿ, ತಳದಲ್ಲಿ ತೂತುಗಳಿರುವ ಬರ್ನ್ ಪಾಟ್ ಎಂಬ ಉರಿಬಟ್ಟಲಿಗೆ ಬೀಳಿಸುತ್ತದೆ. ಆ ತೂತುಗಳ ಮೂಲಕ ಬರುವ ಗಾಳಿಯೇ ಉರಿಗೆ ಜೀವ.

ಊರಿನ ಸೌದೆ ಒಲೆಗೆ ನಾವು ಊದುಗೊಳವೆಯಿಂದ ಗಾಳಿ ಊದುತ್ತೇವೆ. ಬಹುತೇಕ ಪೆಲೆಟ್ ಒಲೆಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಹಿಂಬದಿಯ ಫ್ಯಾನ್ ಹೊಗೆಯನ್ನು ಹೊರಗೆ ಎಳೆಯುತ್ತದೆ. ಒಳಗೆ ಒತ್ತಡ ತಗ್ಗಿದ ಕಾರಣ ಹೊಸ ಗಾಳಿ ತಾನಾಗಿ ಉರಿಬಟ್ಟಲಿನ ತೂತುಗಳಿಂದ ನುಗ್ಗುತ್ತದೆ. ಕೋಣೆಗೆ ಬಿಸಿಗಾಳಿ ಬೀಸುವ ಫ್ಯಾನ್ ಬೇರೆಯೇ ಇದೆ, ಅದಕ್ಕೂ ಉರಿಗೂ ನೇರ ಸಂಬಂಧವಿಲ್ಲ. ಮುಂದೆ ಹೇಳುವುದೆಲ್ಲ ಈ ಎಳೆತದ ಮೇಲೆ ನಿಂತಿದೆ. ದಾರಿಯಲ್ಲಿ ಬೂದಿ ಕಟ್ಟಿದರೆ ಎಳೆತ ಕುಗ್ಗುತ್ತದೆ. ಬಾಗಿಲಿನ ಸಂದಿಯಿಂದ ಗಾಳಿ ನುಸುಳಿದರೆ ಎಳೆತವಿದ್ದೂ ಗಾಳಿ ಉರಿಬಟ್ಟಲಿಗೆ ಬರದೆ ಅಡ್ಡದಾರಿ ಹಿಡಿಯುತ್ತದೆ. ಎರಡರ ಫಲವೂ ಒಂದೇ.

ಬಿಚ್ಚುವ ಮೊದಲು ಓದಿಕೊಳ್ಳಿ

ಒಲೆ ಉರಿಯುತ್ತಿರುವಾಗಲೇ ಐದು ನಿಮಿಷ ಎದುರು ಕೂತು ನೋಡಿ. ಸರಿಯಾದ ಉರಿ ಪ್ರಕಾಶಮಾನವಾದ ಹಳದಿ, ಬುಡದಲ್ಲಿ ಬಿಳುಪು, ಚುರುಕಾಗಿ ಮೇಲೇಳುತ್ತದೆ. ಗಾಳಿ ಸಾಲದ ಉರಿ ಉದ್ದ, ಕಿತ್ತಳೆ ಬಣ್ಣ, ತೂಕಡಿಸುವಂತೆ ನಿಧಾನವಾಗಿ ಓಲಾಡುತ್ತದೆ. ತುದಿಯಲ್ಲಿ ಕಪ್ಪು ಹೊಗೆಯ ಎಳೆ ಕಾಣುತ್ತದೆ. ಗಾಳಿ ಅತಿಯಾದರೆ ಉರಿ ಗಿಡ್ಡವಾಗಿ, ಕೆಂಡದ ಚೂರುಗಳು ಬಟ್ಟಲಿನಿಂದ ಹೊರಹಾರುತ್ತವೆ, ಅರೆಬೆಂದ ಪೆಲೆಟ್‌ಗಳು ಬೂದಿ ತಟ್ಟೆಯಲ್ಲಿ ಸಿಗುತ್ತವೆ.

ಗಾಜಿನ ಮೇಲೆ ತಿಳಿ ಬೂದು ಅಥವಾ ಕಂದು ಪುಡಿ ಕೂತಿದ್ದರೆ ಚಿಂತೆಯಿಲ್ಲ, ಒರೆಸಿದರೆ ಹೋಗುತ್ತದೆ. ಕರಿ ಮಸಿ ಅಂಟಿದ್ದರೆ ಗಾಳಿ ಕಡಿಮೆ. ಮಸಿ ಗಾಜಿನ ಒಂದು ಅಂಚಿನಲ್ಲೇ ಹೆಚ್ಚಿದ್ದರೆ, ಅಥವಾ ಒಂದು ಮೂಲೆ ಮಾತ್ರ ವಿಚಿತ್ರವಾಗಿ ಸ್ವಚ್ಛವಾಗಿದ್ದರೆ ಆ ಕಡೆಯ ಗ್ಯಾಸ್ಕೆಟ್, ಅಂದರೆ ಸಂದಿ ಮುಚ್ಚುವ ಪಟ್ಟಿಯ ಮೇಲೆ ಸಂಶಯಪಡಿ.

ಇನ್ನು ಬೂದಿ. ‘ತುಂಬಾ ಬೂದಿ’ ಎಂಬುದು ಭಾವನೆಯ ಮಾತು, ಅದನ್ನು ತೂಕಕ್ಕೆ ಇಳಿಸಬಹುದು. ಅಮೆರಿಕದಲ್ಲಿ ಪೆಲೆಟ್ ಚೀಲ 40 ಪೌಂಡ್, ಅಂದರೆ ಸುಮಾರು 18 ಕಿಲೋ. ಪೆಲೆಟ್ ಫ್ಯೂಯಲ್ಸ್ ಇನ್‌ಸ್ಟಿಟ್ಯೂಟ್‌ನ ಮಾನದಂಡದಂತೆ ಪ್ರೀಮಿಯಂ ದರ್ಜೆಯಲ್ಲಿ ಬೂದಿಯ ಪ್ರಮಾಣ ಶೇ 1 ಮೀರುವಂತಿಲ್ಲ, ಸ್ಟ್ಯಾಂಡರ್ಡ್ ದರ್ಜೆಯಲ್ಲಿ ಶೇ 2. ಹಾಗಾಗಿ ಪ್ರೀಮಿಯಂ ಚೀಲ ಒಂದಕ್ಕೆ ಹೆಚ್ಚೆಂದರೆ 180 ಗ್ರಾಂ ಬೂದಿ. ಹತ್ತು ಚೀಲ ಉರಿಸಿದ ಮೇಲೆ ಒಟ್ಟು ಬೂದಿ 1.8 ಕಿಲೋ ದಾಟಿದ್ದು, ಬಣ್ಣವೂ ಕಪ್ಪಾಗಿದ್ದರೆ ಅದರಲ್ಲಿ ಬೂದಿಯ ಜೊತೆ ಉರಿಯದೆ ಉಳಿದ ಇದ್ದಿಲೂ ಇದೆ. ದುಡ್ಡು ಕೊಟ್ಟು ತಂದ ಶಾಖವನ್ನು ತಟ್ಟೆಯಲ್ಲಿ ಎತ್ತಿ ಹೊರಗೆ ಸುರಿಯುತ್ತಿದ್ದೀರಿ ಎಂದರ್ಥ. ತೂಕ ಮಿತಿಯಲ್ಲೇ ಇದ್ದು ಬಣ್ಣ ತಿಳಿ ಬೂದು ಆಗಿದ್ದರೆ ಒಲೆಯ ತಪ್ಪಿಲ್ಲ; ತಟ್ಟೆಯೇ ಚಿಕ್ಕದು.

ಕೈ ಹಾಕುವ ಮುನ್ನ

ಒಲೆ ಆರಿಸಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯಿರಿ, ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ಕಿತ್ತಿಡಿ. ರಾತ್ರಿ ಆರಿಸಿ ಬೆಳಿಗ್ಗೆ ಕೆಲಸ ಹಿಡಿಯುವುದು ಒಳ್ಳೆಯದು. ಬೂದಿಯೊಳಗೆ ಹುದುಗಿದ ಕೆಂಡ ದಿನಗಟ್ಟಲೆ ಜೀವ ಹಿಡಿದಿರಬಲ್ಲದು. ಆದ್ದರಿಂದ ಬೂದಿ ಯಾವತ್ತೂ ಮುಚ್ಚಳವಿರುವ ಲೋಹದ ಬಕೆಟ್‌ಗೆ ಹೋಗಬೇಕು, ಆ ಬಕೆಟ್ ಮನೆಯ ಹೊರಗೆ ಕಲ್ಲು ಅಥವಾ ಕಾಂಕ್ರೀಟಿನ ಮೇಲೆ ಇರಬೇಕು. ಮರದ ಡೆಕ್ ಮೇಲೆ ಬೇಡ, ರಟ್ಟಿನ ಪೆಟ್ಟಿಗೆ ಬೇಡ, ಗ್ಯಾರೇಜಿನ ಕಸದ ಡಬ್ಬಿ ಬೇಡವೇ ಬೇಡ. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ನುಣ್ಣನೆಯ ಬೂದಿ ಅದರ ಫಿಲ್ಟರ್ ದಾಟಿ ಕೋಣೆಯೆಲ್ಲ ಹರಡುತ್ತದೆ. ಒಂದು ಕಿಡಿ ಒಳಗೆ ಹೋದರೆ ಅದರ ಚೀಲಕ್ಕೇ ಬೆಂಕಿ. ಬೂದಿಗೆಂದೇ ಮಾಡಿದ ವ್ಯಾಕ್ಯೂಮ್ ಸಿಗುತ್ತದೆ, ಅದನ್ನೇ ಕೊಳ್ಳಿ. ಮಾಸ್ಕ್ ಧರಿಸಿ. ಮನೆಯ ಪ್ರತಿ ಮಹಡಿಯಲ್ಲೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಇವತ್ತೇ ಪರೀಕ್ಷಿಸಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ಸರಿಯಾಗಿ ಉರಿಯದ ಒಲೆಯೇ ಅದರ ತವರು.

ಇನ್ನೊಂದು ಮಾತು. ಉರಿ ಹತ್ತದೆ ಬಟ್ಟಲಿನಲ್ಲಿ ಪೆಲೆಟ್ ರಾಶಿಬಿದ್ದು ಒಳಗೆಲ್ಲ ದಟ್ಟ ಹೊಗೆ ತುಂಬಿದ್ದರೆ ಬಾಗಿಲು ತೆರೆಯಬೇಡಿ. ಆ ಹೊಗೆ ಒಮ್ಮೆಲೇ ಹೊತ್ತಿ ಭುಗಿಲೇಳುತ್ತದೆ. ತಣ್ಣಗಾದ ಮೇಲೆ ಆ ರಾಶಿಯನ್ನು ತೆಗೆದು ಲೋಹದ ಬಕೆಟ್‌ಗೆ ಹಾಕಿ. ಉಳಿತಾಯದ ಆಸೆಗೆ ಬಿದ್ದು ಮರಳಿ ಹಾಪರ್‌ಗೆ ಸುರಿಯುವುದು ಬೇಡ. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಹೊತ್ತಿಸುವ ಯೋಚನೆಯೂ ಬೇಡ.

1. ಉರಿಬಟ್ಟಲು

ಬಟ್ಟಲನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ಪ್ರತಿ ತೂತಿನಿಂದಲೂ ಬೆಳಕು ಕಾಣಬೇಕು. ಮುಚ್ಚಿದ ತೂತುಗಳನ್ನು ಅದೇ ಅಳತೆಯ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಬಿಡಿಸಿ. ದೊಡ್ಡದು ಮಾಡಬೇಡಿ, ಆ ಅಳತೆಯನ್ನು ತಯಾರಕರು ಲೆಕ್ಕಹಾಕಿಯೇ ಇಟ್ಟಿರುತ್ತಾರೆ. ತಳದಲ್ಲಿ ಗಾಜಿನಂತೆ ಗಟ್ಟಿಯಾದ ಕಿಟ್ಟ ಅಂಟಿದ್ದರೆ ಕೆರೆದು ತೆಗೆಯಿರಿ. ಅದೇಕೆ ಆಗುತ್ತದೆಂದು ಪೆಲೆಟ್ ವಿಷಯದಲ್ಲಿ ಹೇಳುತ್ತೇನೆ. ಮರಳಿ ಕೂರಿಸುವಾಗ ಬಟ್ಟಲು ತನ್ನ ಜಾಗದಲ್ಲಿ ಅಲುಗಾಡದೆ, ಸಂದಿಯಿಲ್ಲದೆ ಕೂರಬೇಕು. ಅಡಿಯಲ್ಲಿ ಒಂದು ಚಿಟಿಕೆ ಬೂದಿ ಉಳಿದು ಅದು ಓರೆಯಾದರೂ ಗಾಳಿ ತೂತುಗಳನ್ನು ಬಿಟ್ಟು ಬದಿಯಿಂದ ಹರಿದುಹೋಗುತ್ತದೆ. ಉರಿ ಹೊತ್ತಿಸುವ ಇಗ್ನೈಟರ್ ಇರುವ ತೂತನ್ನೂ ಶುಚಿಮಾಡಿ. ದಿನವೂ ಉರಿಸುವವರು ಬಟ್ಟಲನ್ನು ದಿನವೂ ಕೆರೆಯಬೇಕು.

2. ಕಣ್ಣಿಗೆ ಕಾಣದ ಬೂದಿ

ಹೆಚ್ಚಿನವರ ಸಫಾಯಿ ಉರಿಬಟ್ಟಲು, ಗಾಜು, ತಟ್ಟೆಗೆ ಮುಗಿಯುತ್ತದೆ. ಒಲೆ ಥಳಥಳ ಹೊಳೆಯುತ್ತದೆ, ಉರಿ ಮಾತ್ರ ಮಂಕಾಗಿಯೇ ಇರುತ್ತದೆ. ನಿಜವಾದ ಅಡ್ಡಿ ಹಿಂದಿನ ಗೋಡೆಯ ಆಚೆಗಿದೆ.

ಒಲೆಯೊಳಗೆ ಇಟ್ಟಿಗೆಯಂತೆ ಕಾಣುವ ಹಲಗೆಗಳನ್ನು ಹಿಡಿದಿರುವ ಕೊಕ್ಕೆ ಅಥವಾ ಸ್ಕ್ರೂ ಬಿಡಿಸಿ ಮೆಲ್ಲಗೆ ಹೊರತೆಗೆಯಿರಿ. ಕೆಲವು ಹಲಗೆಗಳು ಬಹಳ ಪೆಳಸು, ಬೆರಳು ಒತ್ತಿದರೆ ಕುಳಿ ಬೀಳುತ್ತದೆ. ಅವುಗಳ ಹಿಂದೆ ಹೊಗೆ ಕೆಳಗಿಳಿದು ಫ್ಯಾನ್ ಕಡೆಗೆ ಸಾಗುವ ಓಣಿಗಳಿವೆ. ಕೆಳಮೂಲೆಗಳಲ್ಲಿ ಪುಟ್ಟ ಮುಚ್ಚಳಗಳಿದ್ದರೆ ಅವೇ ಬೂದಿಯ ಗುಂಡಿಗಳ ಬಾಗಿಲು. ಹಿಂದಿನ ಮಾಲೀಕರು ಅವುಗಳನ್ನು ಒಮ್ಮೆಯೂ ತೆರೆದಿರದ ಸಾಧ್ಯತೆ ಇದೆ. ತೆರೆದು, ವ್ಯಾಕ್ಯೂಮ್‌ಗೆ ತೆಳು ರಬ್ಬರ್ ಕೊಳವೆ ಸಿಕ್ಕಿಸಿ, ಅದನ್ನು ಒಳಗೆ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ತಳ್ಳಿ ಬೂದಿ ಎಳೆಯಿರಿ. ಗಟ್ಟಿ ಹಲಗೆಯಿರುವ ಕಡೆ ರಬ್ಬರ್ ಸುತ್ತಿಗೆಯಿಂದ ಹಿಂಗೋಡೆಯನ್ನು ಹಗುರವಾಗಿ ತಟ್ಟಿದರೆ ಇನ್ನಷ್ಟು ಉದುರುತ್ತದೆ. ಬೀಳುವುದು ನಿಲ್ಲುವವರೆಗೆ ತಟ್ಟುವುದು, ಎಳೆಯುವುದು.

ಮೇಲ್ಭಾಗದಲ್ಲಿ ಹೀಟ್ ಎಕ್ಸ್‌ಚೇಂಜರ್ ಕೊಳವೆಗಳ ಸಾಲಿದೆ. ಅವುಗಳ ಮೇಲೆ ಬೂದಿಯ ಹೊದಿಕೆ ಕೂತರೆ ಶಾಖ ಕೋಣೆಗೆ ಬಾರದೆ ಹೊಗೆಯ ಜೊತೆ ಹೊರಟುಹೋಗುತ್ತದೆ. ಒಲೆ ಉರಿದರೂ ಮನೆ ಬೆಚ್ಚಗಾಗದ ಕಾರಣ ಇದೇ ಇರಬಹುದು. ಕೆರೆಯುವ ಸರಳು ಇದ್ದರೆ ಹಲವು ಸಲ ಎಳೆದುತಳ್ಳಿ, ಇಲ್ಲದಿದ್ದರೆ ಉದ್ದ ಬ್ರಷ್ ಸಾಕು.

3. ಫ್ಯಾನ್ ಮತ್ತು ಹೊಗೆಕೊಳವೆ

ಹೊಗೆ ಎಳೆಯುವ ಫ್ಯಾನಿನ ಎಸಳುಗಳ ಮೇಲೆ ಬೂದಿ ಪದರಗಟ್ಟಿದರೆ ಅದು ತಿರುಗುತ್ತಿರುವಂತೆ ಕೇಳಿಸುತ್ತದೆ, ಗಾಳಿ ಮಾತ್ರ ಸಾಗಿಸುವುದಿಲ್ಲ. ಗೊರಗೊರ ಸದ್ದು, ಅದುರುವಿಕೆ ಇದರ ಗುರುತು. ಬಿಚ್ಚುವ ಮೊದಲು ಹೊಸ ಗ್ಯಾಸ್ಕೆಟ್ ತಂದಿಟ್ಟುಕೊಳ್ಳಿ. ಹಳೆಯದು ಬಿಚ್ಚುವಾಗ ಹರಿಯುವುದು ಸಾಮಾನ್ಯ, ಹರಿದ ಗ್ಯಾಸ್ಕೆಟ್ ಮೇಲೆ ಫ್ಯಾನ್ ಕೂರಿಸಿದರೆ ಹೊಗೆ ಮನೆಯೊಳಗೇ ಸೋರುತ್ತದೆ. ಎಸಳುಗಳನ್ನು ಬಗ್ಗಿಸದೆ ಬ್ರಷ್ ಆಡಿಸಿ, ಅದರ ಗೂಡನ್ನೂ ಶುಚಿಮಾಡಿ.

ಆಮೇಲೆ ಕೊಳವೆ. ಒಲೆಯ ಹಿಂದಿನ ‘ಟಿ’ ಆಕಾರದ ತುಂಡಿನ ಕೆಳಗಿನ ಮುಚ್ಚಳ ತೆಗೆದರೆ ಬೂದಿ ಸುರಿಯುತ್ತದೆ, ಬಕೆಟ್ ಹಿಡಿದೇ ತೆಗೆಯಿರಿ. ಕೊಳವೆಯ ಅಳತೆಗೆ ತಕ್ಕ ಬ್ರಷ್ಷನ್ನು ಕೊನೆಯವರೆಗೂ ಓಡಿಸಿ. ಹೊರಗಿನ ತುದಿಯ ಜಾಲರಿಯನ್ನು ಮರೆಯಬೇಡಿ. ಹಕ್ಕಿಗೂಡು, ಮಂಜು, ಬೂದಿಯ ಜೊಂಪೆ ಇವೆಲ್ಲ ಅಲ್ಲೇ ಕೂತಿರುತ್ತವೆ. ಎಲೆ ಊದುವ ಯಂತ್ರವನ್ನು ಎಳೆಯುವ ಕಡೆಗೆ ತಿರುಗಿಸಿ ಹೊರತುದಿಗೆ ಹಿಡಿದು ಇಡೀ ಬೂದಿಯನ್ನು ಒಮ್ಮೆಗೇ ಸೆಳೆಯುವ ಉಪಾಯ ಒಲೆ ಇಟ್ಟುಕೊಂಡವರಲ್ಲಿ ಜನಪ್ರಿಯ. ಕೆಲಸವಾಗುವುದು ನಿಜ. ಒಲೆ ಪೂರ್ತಿ ತಣ್ಣಗಿರಬೇಕು, ಒಲೆಯೊಳಗೆ ಎಳೆತ ಇದೆಯೇ ಎಂದು ಗಮನಿಸುವ ವ್ಯಾಕ್ಯೂಮ್ ಸ್ವಿಚ್ಚಿನ ಕೊಳವೆಯನ್ನು ಮೊದಲೇ ಬಿಡಿಸಿರಬೇಕು. ಪಕ್ಕದ ಮನೆಯವರ ಬಟ್ಟೆ, ಕಾರು ಗಾಳಿಯ ದಿಕ್ಕಿನಲ್ಲಿರಬಾರದು.

ಎಷ್ಟು ಶುಚಿಮಾಡಿದರೂ ತಿಂಗಳಲ್ಲಿ ಮತ್ತೆ ಅದೇ ಕತೆಯಾದರೆ ಕೊಳವೆ ಹಾಕಿದ ರೀತಿಯೇ ತಪ್ಪಿರಬಹುದು. ಹಲವು ಕೈಪಿಡಿಗಳು ಕೊಳವೆ ಹೊಗೆಗೆ ಒಡ್ಡುವ ಅಡ್ಡಿಯನ್ನು ಅಡಿಗಳಲ್ಲಿ ಕೂಡಿಸುವ ಒಂದು ಲೆಕ್ಕ ಕೊಡುತ್ತವೆ: ಲಂಬಕೋನದ ಪ್ರತಿ ಮೊಳಕೈ ತಿರುವಿಗೆ 5 ಅಡಿ, ‘ಟಿ’ಗೆ 5 ಅಡಿ, ಅಡ್ಡ ಕೊಳವೆಯ ಪ್ರತಿ ಅಡಿಗೆ 1 ಅಡಿ, ನೆಟ್ಟಗೆ ಏರುವ ಪ್ರತಿ ಅಡಿಗೆ ಅರ್ಧ ಅಡಿ. ಮೊತ್ತ 15 ಅಡಿ ಮೀರಿದರೆ 3 ಇಂಚಿನ ಕೊಳವೆ ಸಾಲದು, 4 ಇಂಚು ಬೇಕು. ಒಂದು ‘ಟಿ’, ಎರಡು ಮೊಳಕೈ, 3 ಅಡಿ ಅಡ್ಡ, 4 ಅಡಿ ಏರು ಎಂದರೆ 20 ಅಡಿ. 3 ಇಂಚಿನ ಕೊಳವೆಯಲ್ಲಿ ಅದು ಉಸಿರುಗಟ್ಟುತ್ತದೆ. ನಿಮ್ಮ ಮಾದರಿಯ ಕೈಪಿಡಿಯ ಅಂಕಿಯೇ ಅಂತಿಮ. ತಯಾರಕರ ಜಾಲತಾಣಗಳಲ್ಲಿ ಹಳೆಯ ಮಾದರಿಗಳ ಕೈಪಿಡಿಗಳೂ ಹಲವೊಮ್ಮೆ ಸಿಗುತ್ತವೆ.

4. ಸೋರಿಕೆ

ಬಾಗಿಲಿನ ಗ್ಯಾಸ್ಕೆಟ್ ಪರೀಕ್ಷಿಸಲು ಒಂದು ಡಾಲರ್ ನೋಟು ಸಾಕು. ನೋಟನ್ನು ಸಂದಿಗೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿಬಂದರೆ ಆ ಜಾಗ ಸಡಿಲ. ಸುತ್ತಲೂ ನೋಡಿ, ಬೂದಿ ತಟ್ಟೆಯ ಬಾಗಿಲನ್ನೂ ಸೇರಿಸಿ. ಇನ್ನೂ ಸೂಕ್ಷ್ಮ ಪರೀಕ್ಷೆಗೆ ಬೇಕಾದ ಸಾಧನ ನಿಮ್ಮ ದೇವರ ಮನೆಯಲ್ಲೇ ಇದೆ. ತಣ್ಣಗಿರುವ ಒಲೆಯ ಹೊಗೆ ಫ್ಯಾನ್ ಮಾತ್ರ ತಿರುಗುತ್ತಿರುವ ಹೊತ್ತಿನಲ್ಲಿ ಹೊತ್ತಿಸಿದ ಊದುಬತ್ತಿಯನ್ನು ಬಾಗಿಲಿನ ಅಂಚು, ಗಾಜಿನ ಅಂಚಿನ ಉದ್ದಕ್ಕೂ ನಿಧಾನವಾಗಿ ಸಾಗಿಸಿ. ಹೊಗೆ ಎಲ್ಲಿ ಒಳಕ್ಕೆ ಸೆಳೆಯಲ್ಪಡುತ್ತದೋ ಅಲ್ಲೇ ಸೋರಿಕೆ. ಕೆಲವು ಮಾದರಿಗಳಲ್ಲಿ ಗಾಜು ಸ್ವಚ್ಛವಿರಲೆಂದು ಅದರ ಮೇಲಂಚಿನಲ್ಲಿ ಉದ್ದೇಶಪೂರ್ವಕವಾಗಿಯೇ ಸಂದಿ ಬಿಟ್ಟಿರುತ್ತಾರೆ, ಅದನ್ನು ಮುಚ್ಚಬೇಡಿ.

ವ್ಯಾಕ್ಯೂಮ್ ಸ್ವಿಚ್ಚಿಗೆ ಹೋಗುವ ಸಣ್ಣ ರಬ್ಬರ್ ಕೊಳವೆಯ ಬುಡದಲ್ಲಿ ಬೂದಿ ಕಟ್ಟಿದರೆ ಎಳೆತ ಇದ್ದರೂ ಇಲ್ಲವೆಂದು ತಿಳಿದು ಒಲೆ ಪೆಲೆಟ್ ಹಾಕುವುದನ್ನೇ ನಿಲ್ಲಿಸುತ್ತದೆ. ಕೊಳವೆಯನ್ನು ಸ್ವಿಚ್ಚಿನಿಂದ ಬಿಡಿಸಿ, ಆ ತುದಿಯಿಂದ ಊದಿ. ಸಿಕ್ಕಿಸಿಕೊಂಡೇ ಊದಿದರೆ ಸ್ವಿಚ್ಚಿನೊಳಗಿನ ತೆಳು ಪೊರೆ ಹಾಳಾಗುತ್ತದೆ.

5. ಅಡುಗೆಮನೆಯ ಫ್ಯಾನ್ ಕೊಡುವ ಕಾಟ

ನಮ್ಮ ಮನೆಗಳಲ್ಲಿ ಈ ಕಾರಣಕ್ಕೆ ವಿಶೇಷ ಜಾಗವಿದೆ. ಒಗ್ಗರಣೆಯ ಘಾಟು ಅಲಾರಂ ಎಬ್ಬಿಸದಿರಲೆಂದು ನಾವು ಅಡುಗೆ ಒಲೆಯ ಮೇಲಿನ ಹುಡ್ ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುತ್ತೇವೆ. ಚಳಿಗಾಲದಲ್ಲಿ ಕಿಟಕಿ ಬಾಗಿಲುಗಳೆಲ್ಲ ಬಂದ್. ಹೊಸದಾಗಿ ಬಿಗಿಮಾಡಿದ ಮನೆಯಾದರೆ ಆ ಫ್ಯಾನ್ ಹೊರದಬ್ಬಿದ ಗಾಳಿಗೆ ಬದಲಿ ಗಾಳಿ ಬರಲು ದಾರಿಯೇ ಇಲ್ಲ. ಮನೆಯ ಒತ್ತಡ ತಗ್ಗುತ್ತದೆ, ಪೆಲೆಟ್ ಒಲೆಯ ಪುಟ್ಟ ಫ್ಯಾನ್ ಆ ಜಗ್ಗಾಟದಲ್ಲಿ ಸೋಲುತ್ತದೆ. ಬಚ್ಚಲಿನ ಫ್ಯಾನ್, ಬಟ್ಟೆ ಒಣಗಿಸುವ ಯಂತ್ರ ಇವೂ ಜೊತೆ ಸೇರಿದರೆ ಕೇಳುವುದೇ ಬೇಡ.

ಪರೀಕ್ಷೆ ಸುಲಭ. ಒಲೆ ಉರಿಯುವಾಗ ಹುಡ್ ಹಾಕಿ, ಕೆಲವು ನಿಮಿಷ ಉರಿಯನ್ನು ನೋಡಿ. ಮಂಕಾಯಿತೇ? ಹತ್ತಿರದ ಕಿಟಕಿಯನ್ನು ಒಂದೆರಡು ಇಂಚು ತೆರೆಯಿರಿ. ಮತ್ತೆ ಚುರುಕಾದರೆ ರೋಗ ಸಿಕ್ಕಿತು. ಶಾಶ್ವತ ಪರಿಹಾರ ಎಂದರೆ ಒಲೆಗೆ ಹೊರಗಿನ ಗಾಳಿಯನ್ನು ನೇರವಾಗಿ ತರುವ ಕೊಳವೆ ಹಾಕಿಸುವುದು. ಅದು ಮೊದಲೇ ಇದ್ದರೆ ಹೊರತುದಿಯ ಜಾಲರಿಯಲ್ಲಿ ಎಲೆ, ಜೇಡರ ಬಲೆ, ಹಿಮ ತುಂಬಿದೆಯೇ ನೋಡಿ.

6. ಚೀಲದೊಳಗಿನ ಸಮಸ್ಯೆ

ಮೇಲಿನದ್ದೆಲ್ಲ ಸರಿಯಿದ್ದರೆ ಪೆಲೆಟ್ ಮೇಲೆ ಕಣ್ಣಿಡಿ. ಒಳ್ಳೆಯ ಪೆಲೆಟ್ ನುಣುಪು, ತುಸು ಹೊಳಪು, ಮುರಿದರೆ ಟಕ್ಕೆಂದು ತುಂಡಾಗುತ್ತದೆ. ನೀರಿಗೆ ಹಾಕಿದರೆ ಮುಳುಗುತ್ತದೆ. ತೇಲುವಂಥದ್ದು ಸಾಕಷ್ಟು ಒತ್ತದ ಮಾಲು. ಬೆರಳಲ್ಲಿ ಹಿಸುಕಿದರೆ ಪುಡಿಯಾಗುವುದು ತೇವ ಹೀರಿದೆ. ಪ್ರೀಮಿಯಂ ದರ್ಜೆಯಲ್ಲಿ ತೇವಾಂಶ ಶೇ 8 ಮೀರಬಾರದು. ನೆಲಮಾಳಿಗೆಯ ಕಾಂಕ್ರೀಟಿನ ಮೇಲೆ ನೇರವಾಗಿ ಪೇರಿಸಿದ, ತೂತುಬಿದ್ದ ಚೀಲಕ್ಕೆ ಆ ಅಂಕಿ ಉಳಿಯುವುದಿಲ್ಲ. ಮರದ ಹಲಗೆಗಳ ಮೇಲೆ, ಗೋಡೆಗೆ ತಾಗದಂತೆ ಇಡಿ.

ಚೀಲದ ತಳದಲ್ಲಿ ಉಳಿಯುವ ಹುಡಿಯನ್ನು ಹಾಪರ್‌ಗೆ ಕೊಡವಬೇಡಿ. ಅದು ತಿರುಪಿನ ಬುಡದಲ್ಲಿ ಗಟ್ಟಿಯಾಗಿ ಕೂತು, ಪೆಲೆಟ್ ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು ಬೀಳುವಂತೆ ಮಾಡುತ್ತದೆ. ಸಂಡಿಗೆ ಒಣಗಿಸುವ ದೊಡ್ಡ ಕಣ್ಣಿನ ಜಾಲರಿಯಂಥದ್ದರ ಮೇಲೆ ಸುರಿದು ಜಾಡಿಸಿಕೊಂಡರೂ ಸಾಕು. ಆಗಾಗ ಹಾಪರ್ ಪೂರ್ತಿ ಬರಿದುಮಾಡಿ ವ್ಯಾಕ್ಯೂಮ್ ಹಾಕಿ.

ಕಿಟ್ಟದ ಮೂಲವೂ ಚೀಲದಲ್ಲೇ ಇದೆ. ಮರದ ಜೊತೆ ತೊಗಟೆ, ಮಣ್ಣು, ಮರಳು ಸೇರಿದ್ದರೆ ಅದರಲ್ಲಿನ ಸಿಲಿಕಾ, ಪೊಟ್ಯಾಸಿಯಂ, ಸೋಡಿಯಂ ಉರಿಯ ಬಿಸಿಗೆ ಕರಗಿ, ಒಂದಾಗಿ, ತಣಿದಾಗ ಗಾಜಿನಂತೆ ಗಟ್ಟಿಯಾಗುತ್ತವೆ. ಅದು ತೂತು ಮುಚ್ಚುತ್ತದೆ, ಗಾಳಿ ಕಡಿಮೆಯಾಗುತ್ತದೆ, ಮೇಲೆ ಬಿದ್ದ ಪೆಲೆಟ್ ಅರೆಬೆಂದು ರಾಶಿಯಾಗುತ್ತದೆ. ಶುಚಿಮಾಡಿದ ಒಲೆಯಲ್ಲೂ ದಿನವೂ ಕಿಟ್ಟ ಕಟ್ಟುತ್ತಿದ್ದರೆ ಬೇರೆ ತಯಾರಕರ ನಾಲ್ಕೈದು ಚೀಲ ತಂದು ಉರಿಸಿ ಹೋಲಿಸಿ. ಒಂದು ಟನ್, ಅಂದರೆ 50 ಚೀಲ, ಅಗ್ಗವೆಂದು ಒಟ್ಟಿಗೆ ಕೊಳ್ಳುವ ಮೊದಲು ಮಾಡಬೇಕಾದ ಕೆಲಸವಿದು.

7. ಈಗ ಗುಂಡಿಗಳು

ಇಷ್ಟಾದ ಮೇಲೂ ಉರಿ ಸೋಮಾರಿಯಾಗಿದ್ದರೆ ಈಗಿನ ಹೊಂದಾಣಿಕೆಯ ಫೋಟೋ ತೆಗೆದುಕೊಂಡು, ಗಾಳಿಯನ್ನು ಒಂದೇ ಹಂತ ಹೆಚ್ಚಿಸಿ. ಅರ್ಧ ಗಂಟೆ ಬಿಟ್ಟು ನೋಡಿ. ಸಾಲದಿದ್ದರೆ ಪೆಲೆಟ್ ಬೀಳುವ ವೇಗವನ್ನು ಒಂದು ಹಂತ ಇಳಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಡೆನ್ವರ್‌ನಂಥ ಎತ್ತರದ ಊರಿನಲ್ಲಿರುವವರಿಗೆ ಮಾತ್ರ ಈ ಹೊಂದಾಣಿಕೆ ಮೊದಲ ದಿನದಿಂದಲೇ ಬೇಕಾಗಬಹುದು. 1,600 ಮೀಟರ್ ಎತ್ತರದಲ್ಲಿ ಗಾಳಿ ತೆಳು. ದಿನವಿಡೀ ಅತಿ ಸಣ್ಣ ಉರಿಯಲ್ಲಿಟ್ಟರೆ ಯಾವ ಒಲೆಯೂ ಮಸಿ ಕಟ್ಟುತ್ತದೆ. ದಿನಕ್ಕೊಮ್ಮೆ ಅರ್ಧ ಗಂಟೆ ದೊಡ್ಡ ಉರಿಯಲ್ಲಿ ಓಡಿಸಿ.

ಹೊಗೆಯ ವಾಸನೆ ಕೋಣೆಗೆ ಬರುತ್ತಿದ್ದರೆ, ಅಲಾರಂ ಕೂಗಿದರೆ, ಒಲೆಯ ಉಕ್ಕಿನಲ್ಲಿ ಬಿರುಕು ಕಂಡರೆ ನಿಮ್ಮ ಪ್ರಯೋಗ ಅಲ್ಲಿಗೆ ನಿಲ್ಲಲಿ. ಅಲಾರಂ ಕೂಗಿದಾಗ ಎಲ್ಲರೂ ಹೊರಗೆ ಬಂದು 911ಕ್ಕೆ ಕರೆಮಾಡಬೇಕು. ಉಳಿದೆರಡಕ್ಕೆ ಒಲೆ ಆರಿಸಿ ತಂತ್ರಜ್ಞರನ್ನು ಕರೆಯಿರಿ.

ಇನ್ನು ಪಾಳಿಯ ಲೆಕ್ಕ. ಬಟ್ಟಲು ದಿನವೂ, ತಟ್ಟೆ ಮತ್ತು ಒಳಗಿನ ವ್ಯಾಕ್ಯೂಮ್ ವಾರಕ್ಕೊಮ್ಮೆ, ಹಿಂಗೋಡೆಯ ಓಣಿಗಳು ಮತ್ತು ‘ಟಿ’ ಟನ್ನಿಗೊಮ್ಮೆ, ಫ್ಯಾನ್ ಮತ್ತು ಇಡೀ ಕೊಳವೆ ವರ್ಷಕ್ಕೊಮ್ಮೆ. ತಣ್ಣಗಾದ ತಿಳಿ ಬೂದಿಯನ್ನು ಹಿತ್ತಲಿನ ತರಕಾರಿ ಮಡಿಗೆ ತೆಳುವಾಗಿ ಉದುರಿಸಬಹುದು. ಅದು ಕ್ಷಾರೀಯವಾದ್ದರಿಂದ ಹುಳಿ ಮಣ್ಣು ಬೇಡುವ ಬ್ಲೂಬೆರಿ ಗಿಡದ ಬುಡಕ್ಕೆ ಸಲ್ಲದು. ವರ್ಷದ ದೊಡ್ಡ ಸಫಾಯಿಯನ್ನು ಅಕ್ಟೋಬರ್‌ಗೆ ಮುಂದೂಡಬೇಡಿ. ಬೇಸಿಗೆಯ ತೇವ ಹೀರಿದ ಬೂದಿ ಉಕ್ಕನ್ನು ತಿನ್ನುತ್ತದೆ, ಹಾಪರ್‌ನಲ್ಲಿ ಉಳಿದ ಪೆಲೆಟ್ ಉಬ್ಬಿ ತಿರುಪನ್ನು ಹಿಡಿದುಬಿಡುತ್ತದೆ. ಮೇ ತಿಂಗಳಲ್ಲಿ ಕೊನೆಯ ಉರಿ ಆರಿದ ವಾರವೇ ಎಲ್ಲವನ್ನೂ ಬರಿದುಮಾಡಿ, ಗುಡಿಸಿ, ಪ್ಲಗ್ ಕಿತ್ತಿಡಿ.